ನಾದಿನಿಯ ಗಿಡ, ನನ್ನ ಕಿಟಕಿ

ನನ್ನ ನಾದಿನಿಯ ಬಗ್ಗೆ ಹೇಳಹೊರಟರೆ ನನ್ನ ಬಗ್ಗೆಯೂ ಹೇಳಲೇಬೇಕು, ಅದೇ ಪೀಕಲಾಟ. ಮೊದಲೆಲ್ಲ ಯಾರೂ ಕೇಳದಿದ್ದರೂ ನನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದೆ. ಈಗ ಕೇಳಿದರೂ ಮಾತು ತಿರುಗಿಸುತ್ತೇನೆ.

ಅವಳು ನಮ್ಮ ಯಜಮಾನರ ಒಬ್ಬಳೇ ತಂಗಿ. ಮದುವೆಯಾದ ಮೂರನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡಳು. ಆಮೇಲೆ ಯಾರ ಮನೆಯ ಮೂಲೆಯಲ್ಲೂ ಕೂರಲಿಲ್ಲ. ದೊಡ್ಡ ಹೋಟೆಲೊಂದರಲ್ಲಿ ನೆಲ ಒರೆಸುವ ಕೆಲಸ ಹಿಡಿದಳು, ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳು. ಗಾಜಿನ ಬಾಗಿಲು ತಳ್ಳಿ ಕಾಲಿಟ್ಟೊಡನೆ ಎದುರಾಗುವ ಹಜಾರ ಅವಳ ಪಾಲಿನದು. ನೆಲ ಒರೆಸುವುದರಲ್ಲಿ ಏನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ಒಂದು ಸಲ ಅವಳಿಗೆ ಬೀಗದ ಕೈ ಕೊಡಲು ಹೋದಾಗ ಕಣ್ಣಾರೆ ನೋಡಿದೆ. ಒಳಗಿನ ಗೋಡೆಯಿಂದ ಶುರುಮಾಡಿ, ಹಿಂದಕ್ಕೆ ಹೆಜ್ಜೆಯಿಡುತ್ತ, ಒರೆಸುವ ಕೋಲನ್ನು ಅಡ್ಡಡ್ಡ ಎಳೆಯುತ್ತ, ತನ್ನ ಹೆಜ್ಜೆಯ ಗುರುತನ್ನು ತಾನೇ ಅಳಿಸಿಕೊಂಡು ಬಾಗಿಲಿನವರೆಗೆ ಬಂದಳು. ಮೇಲೆ ಉರಿಯುತ್ತಿದ್ದ ದೀಪಗಳನ್ನೆಲ್ಲ ನೆಲದಲ್ಲಿ ಎಣಿಸಬಹುದಿತ್ತು. ಅಲ್ಲಿಯ ಕೆಲಸದವರು ಅವಳನ್ನು ಕನ್ನಡಿ ಅಕ್ಕ ಎಂದೇ ಕರೆಯುತ್ತಿದ್ದರು.

ಭಾನುವಾರ ಹನ್ನೊಂದಕ್ಕೆ ಸರಿಯಾಗಿ ನಮ್ಮ ಮನೆಗೆ ಬರುವಳು. ಸೋಫಾದ ತುದಿಯಲ್ಲಿ ಕೂತು, ಯಾರೂ ಹೇಳದಿದ್ದರೂ ನಮ್ಮ ವಾರದ ಬಟ್ಟೆಗಳನ್ನೆಲ್ಲ ಮಡಚಿಡುವಳು. ಮಧ್ಯೆ ಮಧ್ಯೆ ಅಣ್ಣನ ಜೊತೆ ಒಂದೆರಡು ಮಾತು. ಐದಕ್ಕೆ ಎದ್ದು ಹೋಗುವಳು. ಇಷ್ಟೇ ಅವಳ ವಾರದ ರಜೆ.

ನಾನೋ, ಶರ್ಟಿನ ಕಾರ್ಖಾನೆಯ ಕೊನೆಯ ಮೇಜಿನವಳು. ಹೊಲಿಗೆ ಮುಗಿದ ಶರ್ಟು ಇಸ್ತ್ರಿಗೆ ಹೋಗುವ ಮೊದಲು ನನ್ನ ಕೈ ದಾಟಿ ಹೋಗಬೇಕು. ಕಾಲರು, ತೋಳು, ಬಗಲು, ಅಂಚು. ಎಲ್ಲೆಲ್ಲಿ ದಾರದ ತುದಿ ಹೊರಗಿಣುಕುತ್ತದೋ ಅಲ್ಲಲ್ಲಿ ಚಕ್ ಎಂದು ಕತ್ತರಿಸುವುದು. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕೆಲಸ. ನನ್ನ ಮೇಜು ದಾಟಿದ ಮಾಲು ಒಂದೂ ವಾಪಸ್ಸು ಬಂದಿಲ್ಲ ಎಂದು ಮೇಸ್ತ್ರಿಯ ಹತ್ತಿರ ಎಷ್ಟು ಸಲ ಹೇಳಿಸಿಕೊಂಡಿದ್ದೇನೋ. ಕೊರಳಿಗೆ ನೇತುಹಾಕಿಕೊಂಡ ಪುಟ್ಟ ಕತ್ತರಿ ನನ್ನ ಜೊತೆ ಮನೆಗೂ ಬರುತ್ತಿತ್ತು. ಬಸ್ಸಿನಲ್ಲಿ ಪಕ್ಕದವರ ತೋಳಿನಲ್ಲಿ ದಾರ ಜೋತುಬಿದ್ದಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. "ಅವಳ ಹತ್ರ ಕೂರಬೇಡ್ರೋ, ನಿಮ್ಮ ಮೀಸೆನೂ ಬಿಡಲ್ಲ" ಎಂದು ನಮ್ಮವರು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಹೆಮ್ಮೆ ಬೇರೆ.

ಹೋಟೆಲಿನ ಹಜಾರದಲ್ಲಿ ಮೇಜಿನ ಮೇಲೆ ಮೂರು ಆರ್ಕಿಡ್ ಕುಂಡಗಳಿರುತ್ತಿದ್ದವು. ಗಿಡದ ಅಂಗಡಿಯವಳೊಬ್ಬಳು ತಂದಿಡುವಳು. ಹೂವಿನ ಎಸಳು ಬಾಡತೊಡಗಿದರೆ ಸಾಕು, ಹೋಟೆಲಿನವರು ಇಡೀ ಗಿಡವನ್ನೇ ಕಸದ ಬುಟ್ಟಿಗೆ ಎಸೆದು ಹೊಸದನ್ನು ತರಿಸುತ್ತಿದ್ದರು. ನಾದಿನಿಗೆ ಅದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತಂತೆ. ಕೊನೆಗೊಂದು ದಿನ ಕೇಳಿಕೊಂಡು ಒಂದು ಗಿಡವನ್ನು ಎತ್ತಿಕೊಂಡು ಬಂದಳು. ಅವಳದು ಒಂದೇ ಕೋಣೆ, ಇರುವ ಒಂದು ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆದುಕೊಳ್ಳುತ್ತದೆ. ಹಗಲಲ್ಲೂ ದೀಪ ಹಾಕಬೇಕು. ಹಾಗಾಗಿ ಗಿಡ ನಮ್ಮ ಮನೆಗೆ ಬಂತು.

"ಅತ್ತಿಗೆ, ವಾರಕ್ಕೊಂದು ಸಲ ನೀರು ಹಾಕಿ ಸಾಕು. ಬೇರೇನೂ ಮಾಡಬೇಡಿ. ಬೇರು ಆಚೆ ಬಂದ್ರೂ ಬರಲಿ, ಅದರ ಪಾಡಿಗೆ ಬಿಟ್ಟುಬಿಡಿ" ಎಂದಳು.

"ನನಗೆ ಹೇಳಿಕೊಡ್ತೀಯೇನೇ? ನಿಮ್ಮಣ್ಣನ್ನೇ ಮೂವತ್ತು ವರ್ಷ ಸಾಕಿದೀನಿ" ಎಂದೆ. ಅವಳು ನಕ್ಕಳು.

ಮೊದಲು ಗಿಡವನ್ನು ಅಡುಗೆಮನೆಯ ಕಪಾಟಿನ ಮೇಲೆ ಇಟ್ಟೆ. ಅದರ ಎಲೆಗಳ ವೈಭವ ಏನು ಕೇಳುತ್ತೀರಿ! ಅಂಗೈಯಗಲ, ದಪ್ಪ, ಕಪ್ಪು ಎನ್ನುವಷ್ಟು ಹಸಿರು. ಒಂದರ ಮೇಲೊಂದು ಹೊಸ ಎಲೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಮಿರಿಮಿರಿ ಮಿಂಚಿಸುತ್ತಿದ್ದೆ. ಬಂದವರೆಲ್ಲ "ಪ್ಲಾಸ್ಟಿಕ್ಕಾ?" ಎಂದು ಮುಟ್ಟಿ ನೋಡುತ್ತಿದ್ದರು. ಒಂದು ವರ್ಷ ಕಳೆಯಿತು. ಹೂವಿನ ಸುಳಿವೇ ಇಲ್ಲ.

ಆ ಹೊತ್ತಿಗೆ ನಾದಿನಿಯ ಮಂಡಿ ಕೈಕೊಟ್ಟಿತು. ಭಾನುವಾರ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದವಳು ಐದು ನಿಮಿಷ ಮಂಡಿ ನೀವಿಕೊಳ್ಳುತ್ತ ಕೂರುತ್ತಿದ್ದಳು. ಡಾಕ್ಟರು ಬಗ್ಗಬೇಡಿ, ಹೆಚ್ಚು ಹೊತ್ತು ನಿಲ್ಲಬೇಡಿ ಎಂದಿದ್ದರು. ನೆಲ ಒರೆಸುವವಳು ಬಗ್ಗದೆ ನಿಲ್ಲದೆ ಇನ್ನೇನು ಮಾಡುವುದು? ಹೋಟೆಲಿನ ಮ್ಯಾನೇಜರಿಗೆ ಇದು ತಿಳಿದು, ಚಳಿಗಾಲ ಮುಗಿದ ಮೇಲೆ ಅವಳನ್ನು ಮುಂದುವರಿಸುವುದು ಕಷ್ಟ ಎಂದುಬಿಟ್ಟರು. ಆಗ ಇವಳಿಗೆ ಎಲ್ಲಿತ್ತೋ ಧೈರ್ಯ, ಒಂದು ಮಾತು ಕೇಳಿದಳಂತೆ. ಅದನ್ನು ಅವಳು ನಮ್ಮೆದುರು ಒಪ್ಪಿಸಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಡಚುತ್ತಿದ್ದ ಟವೆಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು.

"'ಸರ್, ಈ ಗಿಡಗಳನ್ನ ಎಸೀಬೇಡಿ, ನಾನು ಮತ್ತೆ ಹೂ ಬಿಡಿಸ್ತೀನಿ. ನೆಲ ಬೇರೆಯವರು ಒರೆಸಲಿ, ನನಗೆ ಗಿಡ ನೋಡ್ಕೊಳ್ಳೋ ಕೆಲಸ ಕೊಡಿ' ಅಂದೆ ಅಣ್ಣ. ಅವರು ನಕ್ಕರು. 'ಎಲೆ ಬರುತ್ತಮ್ಮ, ಮನೇಲೆಲ್ಲ ಹೂ ಬರಲ್ಲ' ಅಂದ್ರು. ನಮ್ಮ ಅತ್ತಿಗೆ ಮನೇಲಿ ಒಂದಿದೆ ಅಂತ ಹೇಳ್ಲಿಲ್ಲ, ನನ್ನ ಹತ್ರ ಒಂದಿದೆ ಅಂದೆ. 'ಸರಿ, ಚಳಿಗಾಲ ಮುಗಿಯೋದ್ರೊಳಗೆ ಅದರಲ್ಲಿ ಒಂದು ಮೊಗ್ಗು ತೋರಿಸಿ, ಆ ಕೆಲಸ ನಿಮಗೇ' ಅಂತ ಮಾತು ಕೊಟ್ಟಿದಾರೆ."

ಕೂತು ಮಾಡುವ ಕೆಲಸ. ನೀರು ಹಾಕುವುದು, ಎಲೆ ಒರೆಸುವುದು, ಕುಂಡ ಬದಲಿಸುವುದು. ಅವಳ ಮಂಡಿಗೆ ಅದಕ್ಕಿಂತ ಒಳ್ಳೆಯ ಮದ್ದಿರಲಿಲ್ಲ.

ಸರಿ, ಮನೆಯವರೆಲ್ಲ ಟೊಂಕ ಕಟ್ಟಿ ನಿಂತೆವು. ನಾದಿನಿ ಗಿಡದ ಅಂಗಡಿಯವಳನ್ನು ಹೋಟೆಲಿಗೆ ಬಂದಾಗಲೆಲ್ಲ ಕಾಡಿ ಬೇಡಿ ಒಂದೊಂದೇ ವಿಷಯ ತಿಳಿದುಕೊಂಡು ಬಂದಳು. ಎಲೆ ಅಷ್ಟು ಕಡುಹಸಿರಾಗಿದೆ ಅಂದರೆ ಬೆಳಕು ಸಾಲದು ಅಂತ ಅರ್ಥವಂತೆ. ನಾನು ಇಷ್ಟು ದಿನ ಮೆರೆಸಿದ್ದೇ ಅದರ ಕೊರತೆಯನ್ನು! ಗಿಡವನ್ನು ಮುಂದಿನ ಕೋಣೆಯ ಮೂಡಣ ಕಿಟಕಿಗೆ ತಂದೆವು. ನೇರ ಬಿಸಿಲು ಎಲೆ ಸುಡದಂತೆ ತೆಳು ಪರದೆ ಕಟ್ಟಿದೆವು. ಎಲೆ ಬೆಳೆಸುವ ಗೊಬ್ಬರ ನಿಲ್ಲಿಸಿದೆವು. ಎಲ್ಲಕ್ಕಿಂತ ಮುಖ್ಯ, ನಾಲ್ಕಾರು ವಾರ ರಾತ್ರಿಯ ತಂಪು ಗಾಳಿ ಅದಕ್ಕೆ ತಾಗಬೇಕು, ಆಗಲೇ ಹೂ ಬಿಡಬೇಕೆಂದು ಅದಕ್ಕೆ ಅನ್ನಿಸುವುದಂತೆ. ನಮ್ಮವರಿಗೆ ಮೊದಲೇ ಕೆಮ್ಮು. ಆದರೂ ತಂಗಿಗಾಗಿ ಕಿಟಕಿ ತೆರೆದಿಟ್ಟು, ಕಿವಿ ಮುಚ್ಚುವ ಟೋಪಿ, ಕತ್ತಿಗೆ ಮಫ್ಲರು, ಕಾಲಿಗೆ ಎರಡು ಜೊತೆ ಸಾಕ್ಸು ಹಾಕಿಕೊಂಡು ಮಲಗಿದರು. "ಹೂ ಬಿಡೋದ್ರೊಳಗೆ ನಾನು ಬಾಡಿಹೋಗ್ತೀನಿ ಕಣೇ" ಎಂದು ಗೊಣಗಿದರು, ಆದರೆ ಕಿಟಕಿ ಮುಚ್ಚಲಿಲ್ಲ.

ನಾನೇನು ಮಾಡಿದೆ? ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ನೀರು ತಪ್ಪಿಸಲಿಲ್ಲ, ಧೂಳು ಕೂರಲು ಬಿಡಲಿಲ್ಲ. ಬೇರುಗಳು ಮಾತ್ರ ನನ್ನ ಕಣ್ಣಿಗೆ ಕಸವಾಗಿದ್ದವು. ಕುಂಡದೊಳಗೆ ಇರುವುದು ಬಿಟ್ಟು ಎಲೆಗಳ ಸಂದಿಯಿಂದ ಅಡ್ಡಾದಿಡ್ಡಿ ಮೂತಿ ಚಾಚುವುದು ಯಾಕೆ? ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಕೊರಳಿಗೆ ಕತ್ತರಿ ಹಾಕಿಕೊಳ್ಳುತ್ತಿದ್ದೆನಲ್ಲ, ಹಾಗೇ ಕಿಟಕಿಯ ಹತ್ತಿರ ಒಂದು ಕ್ಷಣ ನಿಂತು, ಹೊಸದಾಗಿ ಇಣುಕಿದ ತುದಿಯನ್ನು ಚಕ್ ಎನ್ನಿಸಿ ಹೋಗುತ್ತಿದ್ದೆ. ಎಲ್ಲವನ್ನೂ ಅಲ್ಲ, ಓರೆಯಾಗಿ ಬಂದದ್ದನ್ನು. ಅವಳು ಬೇಡ ಅಂದದ್ದು ನೆನಪಿತ್ತು. ಅವಳಿಗೇನು ಗೊತ್ತಾಗುತ್ತದೆ, ಮತ್ತೆ ಬೆಳೆಯುತ್ತದೆ ಬಿಡು ಅಂದುಕೊಂಡೆ. ಭಾನುವಾರ ಅವಳು ಬರುವ ಹೊತ್ತಿಗೆ ಗಿಡ ಹಬ್ಬಕ್ಕೆ ತಲೆ ಬಾಚಿಸಿಕೊಂಡ ಮಗುವಿನ ಹಾಗೆ ಒಪ್ಪವಾಗಿ ಕೂತಿರುತ್ತಿತ್ತು.

"ಏನಾದ್ರೂ ಕಾಣಿಸ್ತಾ ಅತ್ತಿಗೆ?"

"ಏನೂ ಇಲ್ಲ ಕಣೇ. ಎಲೆ ಒಂದು ಹೊಸದು ಬಂದಿದೆ ನೋಡು."

ಅವಳು ಕಿಟಕಿಯ ಹತ್ತಿರ ನಿಂತು ನೋಡಿ, ಬಂದು ಸೋಫಾದ ತುದಿಯಲ್ಲಿ ಕೂರುವಳು.

ಚಳಿ ಮುಗಿಯಲು ಇನ್ನು ಮೂರು ವಾರ ಇದ್ದಾಗ ನನಗೆ ತಾಳ್ಮೆ ಕೆಟ್ಟಿತು. ನನಗೆ ಕೋಪ ಬಂದರೆ ಕಾಲು ನಿಲ್ಲುವುದಿಲ್ಲ. ಆ ಅಂಗಡಿಯವಳೇ ಏನೋ ಮುಚ್ಚಿಟ್ಟಿದ್ದಾಳೆ, ಹೇಳಿಕೊಟ್ಟರೆ ತನ್ನ ವ್ಯಾಪಾರಕ್ಕೆ ಕುತ್ತು ಎಂದು ಅರ್ಧಂಬರ್ಧ ಹೇಳಿದ್ದಾಳೆ ಎಂದು ನನ್ನ ತಲೆಯಲ್ಲಿ ಕೂತಿತು. ಯಾರಿಗೂ ಹೇಳದೆ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಕುಂಡವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳಿಗೆ ಹೇಗೆ ನೀರಿಳಿಸಬೇಕೆಂದು ಮಾತು ಜೋಡಿಸಿಕೊಂಡೆ.

ಅಂಗಡಿ ಎಂದರೆ ಹಸಿರು ಬಲೆ ಹೊದಿಸಿದ ಉದ್ದನೆಯ ಚಪ್ಪರ. ಒದ್ದೆ ತೊಗಟೆಯ ವಾಸನೆ. ಅವಳು ಮೂವತ್ತೈದರ ಹೆಂಗಸು, ಮೊಣಕೈವರೆಗೆ ರಬ್ಬರಿನ ಕೈಗವಸು ತೊಟ್ಟಿದ್ದಳು. ನಾನು ಕುಂಡವನ್ನು ಅವಳ ಮುಂದೆ ಕುಕ್ಕಿದೆ.

"ನೋಡಮ್ಮ, ಹೋಟೆಲಲ್ಲಿ ನಮ್ಮ ನಾದಿನಿಗೆ ನೀನು ಹೇಳಿದ್ದೆಲ್ಲ ಮಾಡಿದೀವಿ. ಬೆಳಕು ಕೊಟ್ಟಿದೀವಿ, ಗಾಳಿ ಕೊಟ್ಟಿದೀವಿ, ಮನೆಯವರಿಗೆ ಕೆಮ್ಮು ಅಂಟಿಸಿದೀವಿ. ಎಲ್ಲಿ ಹೂವು? ಬಡವರು ಕೇಳಿದ್ರೆ ಪೂರ್ತಿ ಹೇಳಬಾರದು ಅಂತ ಏನಾದ್ರೂ ಇದೆಯಾ?"

ಅವಳು ಸಿಟ್ಟಾಗಲಿಲ್ಲ. ಕೈಗವಸು ಕಳಚಿ, ಗಿಡವನ್ನು ಬೆಳಕಿಗೆ ತಿರುಗಿಸಿ, ಒಂದೊಂದೇ ಎಲೆಯನ್ನು ಬೆರಳಿಂದ ಎತ್ತಿ ನೋಡಿದಳು. ಎಲೆಯ ಬಣ್ಣ ಸರಿಯಾಗಿದೆ ಎಂದಳು. ಬೇರು ಗಟ್ಟಿಯಾಗಿದೆ ಎಂದಳು. ಆಮೇಲೆ ನಾಲ್ಕನೇ ಎಲೆಯ ಬುಡದಲ್ಲಿ ಅವಳ ಬೆರಳು ನಿಂತಿತು.

"ಅಯ್ಯಯ್ಯೋ. ಇದನ್ನ ಯಾರು ಕತ್ತರಿಸಿದ್ದು?"

"ಏನು? ಬೇರಲ್ವಾ ಅದು?"

"ಬೇರಲ್ಲಮ್ಮ, ಇದು ಹೂದಂಟು. ಬೇರಾದ್ರೆ ತುದಿ ಗುಂಡಗೆ ಇರುತ್ತೆ, ಕೆಳಗೆ ಬಾಗುತ್ತೆ. ಇದು ಚಪ್ಪಟೆ, ಮೊನಚಾಗಿ ಮೇಲೆ ನೋಡ್ತಾ ಬರುತ್ತೆ. ಬೆರಳುದ್ದ ಆಗೋವರೆಗೆ ಬಿಟ್ಟಿದ್ರೆ ನಿಮಗೇ ಗೊತ್ತಾಗ್ತಿತ್ತು. ನೋಡಿ, ಇಲ್ಲೊಂದು. ಹಳೇದು ಇಲ್ಲೊಂದು, ಒಣಗಿದೆ. ಒಟ್ಟು ಮೂರು. ಈ ಗಿಡ ಪಾಪ ಹೂ ಬಿಡೋಕೆ ಎಷ್ಟು ಒದ್ದಾಡಿದೆ! ಯಾರು ಮಾಡಿದ್ದು ಇದನ್ನ?"

ನನ್ನ ಕೊರಳಲ್ಲಿ ಕತ್ತರಿ ನೇತಾಡುತ್ತಿತ್ತು. ಅದನ್ನು ಸೆರಗಿನೊಳಗೆ ಸರಿಸಿಕೊಂಡೆ. ಬಯ್ಯಲು ಬಂದವಳು ನಾನು. ಅಷ್ಟು ದೊಡ್ಡ ಬಾಯಿ ಮಾಡಿದವಳು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತು ಕೇಳುತ್ತಿದ್ದರು.

"ನಮ್ಮ ನಾದಿನಿ" ಎಂದೆ. "ಅವಳದೇ ಗಿಡ. ಏನೇನು ಮಾಡ್ತಾಳೋ ಯಾರಿಗೆ ಗೊತ್ತು."

ಇಷ್ಟು ವರ್ಷ ಆದಮೇಲೆ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ, ಯಾಕೆ ಹಾಗೆ ಹೇಳಿದೆ? ಮೊದಲೇ ಯೋಚಿಸಿರಲಿಲ್ಲ, ದ್ವೇಷವೂ ಇರಲಿಲ್ಲ. ನಾಲಿಗೆಗೆ ಮೊದಲು ಸಿಕ್ಕವಳು ಅವಳು. ನನ್ನ ಮಾನ ಉಳಿದರೆ ಸಾಕಿತ್ತು, ಅದೂ ಮತ್ತೆಂದೂ ಮುಖ ನೋಡಬೇಕಿಲ್ಲದ ಮೂವರ ಮುಂದೆ.

"ಯಾರು, ಕನ್ನಡಿ ಅಕ್ಕನಾ?" ಎಂದಳು ಅಂಗಡಿಯವಳು. ಅವಳ ಮುಖ ಚಿಕ್ಕದಾಯಿತು. "ಅಷ್ಟೆಲ್ಲ ಕೇಳಿ ಕೇಳಿ ಹೋಗ್ತಿದ್ರು... ಛೆ. ಬೇರು ಯಾವ್ದು ಹೂದಂಟು ಯಾವ್ದು ಅಂತ ಗೊತ್ತಾಗ್ಲಿಲ್ವಾ ಅವರಿಗೆ?"

ಆಗಲಾದರೂ ನಾಲಿಗೆ ಕಚ್ಚಿಕೊಳ್ಳಬಹುದಿತ್ತು. ನಾನು ಕುಂಡವನ್ನು ಚೀಲಕ್ಕೆ ತುರುಕಿಕೊಂಡು ಬಾಲ ಸುಟ್ಟ ಬೆಕ್ಕಿನಂತೆ ಅಲ್ಲಿಂದ ಓಡಿದೆ. ಬಸ್ಸಿನಲ್ಲಿ ಕತ್ತರಿಯನ್ನು ಕೊರಳಿಂದ ತೆಗೆದು ಚೀಲದ ತಳಕ್ಕೆ ಹಾಕಿದೆ.

ಮುಂದಿನ ಭಾನುವಾರ ನಾದಿನಿ ಹನ್ನೊಂದಕ್ಕೇ ಬಂದಳು. ಮಡಚುವ ಬಟ್ಟೆಗೆ ಕೈ ಹಾಕಲಿಲ್ಲ. ನಾನು ಅಡುಗೆಮನೆಯಲ್ಲಿ ಟೀಗೆ ನೀರಿಟ್ಟಿದ್ದೆ, ಅವಳು ಅಣ್ಣನಿಗೆ ಹೇಳುತ್ತಿದ್ದದ್ದು ಒಂದೊಂದು ಮಾತೂ ಕೇಳಿಸುತ್ತಿತ್ತು.

"ಕೆಲಸ ಹೋಯ್ತಣ್ಣ. ಮ್ಯಾನೇಜರು ಗಿಡದಂಗಡಿಯವಳನ್ನ ಕೇಳಿದಾರೆ, ಈಕೆ ಕೈಲಿ ಆಗುತ್ತಾ ಅಂತ. ಅವಳು ಕೆಟ್ಟವಳಲ್ಲ, ಇದ್ದದ್ದು ಹೇಳಿದಾಳೆ, 'ಹೂದಂಟನ್ನೇ ಬೇರು ಅಂತ ಕತ್ತರಿಸಿಬಿಟ್ಟಿದಾರೆ' ಅಂತ. ಮ್ಯಾನೇಜರು ಎಲ್ಲರ ಮುಂದೆ ನಕ್ಕುಬಿಟ್ರು. 'ಮೊಗ್ಗು ಕತ್ತರಿಸೋ ಕನ್ನಡಿ ಅಕ್ಕನಿಗೆ ಗಿಡ ಒಪ್ಪಿಸೋದಾ' ಅಂದ್ರು."

"ನೀನು ಕತ್ತರಿಸಲಿಲ್ಲ ಅನ್ನಬೇಕಿತ್ತು!" ನಮ್ಮವರ ದನಿ ಏರಿತು. "ಗಿಡ ಇರೋದು ನಮ್ಮನೇಲಿ ಅಲ್ವಾ? ಯಾರು ಆ ಹಸೀ ಸುಳ್ಳು ಹೇಳಿದ್ದು?"

"ಗಿಡ ನನ್ನ ಹತ್ರ ಇಲ್ಲ ಅಂದ್ರೆ ನಾನು ಮೊದಲು ಮ್ಯಾನೇಜರಿಗೆ ಹೇಳಿದ್ದೇ ಸುಳ್ಳಾಗುತ್ತಲ್ಲಣ್ಣ. ಅದಕ್ಕೇ ಹೂಂ, ನಾನೇ ಕತ್ತರಿಸಿದ್ದು ಅಂದುಬಿಟ್ಟೆ."

ಆಮೇಲೆ ಅವಳು ಎದ್ದ ಸದ್ದಾಯಿತು. ನಾನು ಬಾಗಿಲ ಸಂದಿಯಿಂದ ನೋಡಿದೆ. ಕಿಟಕಿಯ ಹತ್ತಿರ ಹೋಗಿ ಒಂದೊಂದೇ ಎಲೆ ಎತ್ತಿದಳು. ಬುಡದಲ್ಲಿ ಬೆರಳು ಆಡಿಸಿದಳು. ಒಂದು ಕಡೆ ಬೆರಳು ನಿಂತಿತು. ಎಲೆಯನ್ನು ಮೊದಲಿನಂತೆ ಮೆಲ್ಲಗೆ ಬಿಟ್ಟು, ಬಂದು ಕೂತಳು.

ಟೀ ಲೋಟ ಹಿಡಿದುಕೊಂಡು ನಾನು ಹೊರಗೆ ಬಂದೆ. ಈಗ ಹೇಳುತ್ತೇನೆ, ಲೋಟ ಕೊಟ್ಟು ಹೇಳುತ್ತೇನೆ ಅಂದುಕೊಂಡೆ. ಲೋಟ ಕೊಟ್ಟೆ. "ಸಕ್ಕರೆ ಸರಿಯಾಗಿದೆಯಾ ನೋಡು" ಎಂದೆ. ಅವಳು ಸರಿಯಾಗಿದೆ ಅತ್ತಿಗೆ ಎಂದಳು. ಅಷ್ಟೇ.

ಅವಳ ಅನ್ನಕ್ಕೆ ಕಲ್ಲು ಹಾಕಿದವಳು ನಾನು, ಮತ್ತೆ ಅವಳಿಗೆ ಸಮಾಧಾನ ಹೇಳಿದವಳೂ ನಾನೇ. ಬೇರೆ ಕೆಲಸ ಸಿಗುತ್ತೆ ಬಿಡೇ ಎಂದೆ. ಸಿಕ್ಕಿತು. ಮೂರು ವಸತಿ ಕಟ್ಟಡಗಳಲ್ಲಿ ಮೆಟ್ಟಿಲು ಒರೆಸುವ ಕೆಲಸ. ಮಂಡಿಗೆ ನೆಲವೇ ಆಗದು ಅಂದರೆ ಈಗ ಮೆಟ್ಟಿಲು. ಅವಳು ಭಾನುವಾರ ಬರುವುದನ್ನು ಮಾತ್ರ ತಪ್ಪಿಸಲಿಲ್ಲ. ಗಿಡದ ಸುದ್ದಿ ಎತ್ತಲಿಲ್ಲ, ಕಿಟಕಿಯ ಕಡೆ ತಿರುಗಿ ನೋಡಲಿಲ್ಲ. ಬಟ್ಟೆ ಮಡಚಿದಳು, ಅಣ್ಣನ ಕೆಮ್ಮು ವಿಚಾರಿಸಿದಳು, ಐದಕ್ಕೆ ಎದ್ದಳು. ಅವಳಿದ್ದಷ್ಟು ಹೊತ್ತು ನಾನು ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ಇರುತ್ತಿದ್ದೆ. "ಏನೇ, ಇತ್ತೀಚೆಗೆ ಭಾನುವಾರ ಬಂದ್ರೆ ನಿನಗೆ ಪಾತ್ರೆ ಮೇಲೆ ಪ್ರೀತಿ ಬಂದುಬಿಡುತ್ತಲ್ಲ!" ಎಂದು ನಮ್ಮವರು ಅಂದರು. ಅವರ ಜೊತೆ ನನಗೆ ನಗಲಾಗಲಿಲ್ಲ.

ಕಾರ್ಖಾನೆಯಲ್ಲೂ ಕೈ ತಡವರಿಸತೊಡಗಿತು. ದಾರ ಕಂಡರೆ ಒಂದು ಕ್ಷಣ ನಿಲ್ಲುವುದು, ಎಳೆದು ನೋಡುವುದು. ಮೇಸ್ತ್ರಿ ಬಂದು, "ಏನಕ್ಕ, ಕನ್ನಡಕ ಬದಲಾಯಿಸಬೇಕಾ?" ಎಂದ.

ಒಂದು ತಿಂಗಳು ಕಳೆದಿರಬೇಕು, ಗಿಡ ಮತ್ತೆ ಮೂತಿ ಹೊರಗೆ ಹಾಕಿತು. ಈ ಸಲ ಎಡಗಡೆ, ಮೂರನೇ ಎಲೆಯ ಬುಡದಲ್ಲಿ. ಚಪ್ಪಟೆ, ಮೊನಚು, ಮೇಲ್ಮುಖ. ನೋಡಿದ ತಕ್ಷಣ ನನಗೆ ಖುಷಿಯಾಗಬೇಕಿತ್ತು, ಅಳು ಬಂತು. ಇಷ್ಟು ಸುಲಭವಾಗಿ ಗೊತ್ತಾಗುವಂಥದ್ದು! ಕಣ್ಣಿದ್ದವರಿಗೆ ಯಾರಿಗಾದರೂ ಗೊತ್ತಾಗುವಂಥದ್ದು. ಬೆರಳುದ್ದವಾಯಿತು, ಗೇಣುದ್ದವಾಯಿತು, ಕಡ್ಡಿ ನೆಟ್ಟು ಮೆಲ್ಲಗೆ ಕಟ್ಟಿದೆ. ಕಡ್ಡಿಗೆ ಕಟ್ಟಿದ ದಾರದ ತುದಿ ಉದ್ದಕ್ಕೆ ಜೋತಾಡುತ್ತಿತ್ತು, ಅದನ್ನು ಕತ್ತರಿಸಲಿಲ್ಲ. ಮೊಗ್ಗುಗಳು ಕಾಳಿನಷ್ಟಿದ್ದವು, ಉಬ್ಬಿದವು, ಬಿಸಿಲು ಜೋರಾಗುವ ಹೊತ್ತಿಗೆ ಒಂದಾದ ಮೇಲೊಂದರಂತೆ ಬಿರಿದವು. ಬಿಳಿ ಎಸಳು, ಒಳಗೆ ಸ್ವಲ್ಪ ಹಳದಿ. ಒಟ್ಟು ಏಳು.

ನಾದಿನಿ ಭಾನುವಾರ ಬಂದಾಗ ಅದನ್ನು ನೋಡಲೇಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ: ಮೊದಲ ಮೊಗ್ಗು ಬಂದ ಮೇಲಿನ ಅಷ್ಟೂ ಭಾನುವಾರ ಗಿಡವನ್ನು ನಮ್ಮ ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿ ಬಚ್ಚಿಟ್ಟೆ. ಅವಳು ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ನಮ್ಮವರು ಮಾತ್ರ ನನ್ನ ಮುಖ ನೋಡಿದರು.

ಏಳನೆಯ ಹೂ ಅರಳಿದ ದಿನ ಇನ್ನು ತಡೆಯಲಾಗಲಿಲ್ಲ. ಕುಂಡ ಎತ್ತಿಕೊಂಡು ನೇರ ಹೋಟೆಲಿಗೆ ಹೋದೆ. ಹಜಾರದ ನೆಲದ ಮೇಲೆ ಒರೆಸಿದ ಪಟ್ಟೆಗಳು ಹಾಗೇ ಕಾಣುತ್ತಿದ್ದವು. ಮ್ಯಾನೇಜರನ್ನು ಕರೆಸಿ, ಎದುರಿಗಿದ್ದವರಿಗೆಲ್ಲ ಕೇಳುವಂತೆ ಹೇಳಿದೆ. ಕತ್ತರಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನು, ಕನ್ನಡಿ ಅಕ್ಕನ ತಪ್ಪು ಎಳ್ಳಷ್ಟೂ ಇಲ್ಲ, ಇಗೋ ನೋಡಿ ಹೂವು, ಅವಳ ಕೆಲಸ ಅವಳಿಗೆ ಕೊಡಿ. ಅವರು ಒಳ್ಳೆಯ ಮನುಷ್ಯರೇ. ಪೂರ್ತಿ ಕೇಳಿಸಿಕೊಂಡರು.

"ಅಮ್ಮ, ಗಿಡಗಳ ಕೆಲಸ ಪೂರ್ತಿ ಅಂಗಡಿಯವರಿಗೇ ಬರೆದುಕೊಟ್ಟುಬಿಟ್ಟಿದೀವಿ. ಇನ್ನೆರಡು ವರ್ಷ ಏನೂ ಮಾಡೋ ಹಾಗಿಲ್ಲ. ನಾಲ್ಕು ತಿಂಗಳ ಹಿಂದೆ ಬಂದಿದ್ರೆ..." ಎಂದು ನಿಲ್ಲಿಸಿ, "ಹೂ ತುಂಬಾ ಚೆನ್ನಾಗಿ ಬಂದಿದೆ" ಎಂದರು.

ಅಲ್ಲಿಂದ ಅವಳು ಕೆಲಸ ಮಾಡುವ ಕಟ್ಟಡಕ್ಕೆ ಹೋದೆ. ನಾಲ್ಕು ಮಹಡಿ. ಕೆಳಗೆ ನಿಂತು ತಲೆಯೆತ್ತಿದರೆ ಮೆಟ್ಟಿಲ ಕಂಬಿಗಳ ನಡುವೆ ಅವಳು ಕಂಡಳು. ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಕೂತಲ್ಲೇ ಕೆಳಗಿನ ಮೆಟ್ಟಿಲನ್ನು ಕೈಯಿಂದ ಒರೆಸುವುದು, ಎರಡೂ ಕೈ ಊರಿ ಆ ಮೆಟ್ಟಿಲಿಗೆ ಜಾರುವುದು, ಬಕೆಟ್ಟನ್ನು ಎಳೆದುಕೊಳ್ಳುವುದು, ಮುಂದಿನ ಮೆಟ್ಟಿಲು. ಹೀಗೆ ಮೇಲಿನಿಂದ ಇಳಿಯುತ್ತಿದ್ದಳು. ನೆಲವನ್ನು ಕನ್ನಡಿ ಮಾಡಿದ್ದವಳು. ನನಗೆ ನನ್ನ ಮುಖವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಎರಡನೇ ಮಹಡಿಗೆ ಹತ್ತಿದೆ. ನನ್ನನ್ನು ನೋಡಿ ಅವಳು ಗಾಬರಿಯಾದಳು.

"ಯಾಕತ್ತಿಗೆ? ಅಣ್ಣ ಹುಷಾರಾಗಿದಾನಾ?"

"ಹುಷಾರಾಗಿದಾರೆ."

ಆಮೇಲೆ ಅವಳ ಕಣ್ಣು ಗಿಡದ ಮೇಲೆ ಹೋಯಿತು. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಒಂದು ಎಸಳನ್ನು ಬೆರಳಿನ ಹಿಂಬದಿಯಿಂದ ಮುಟ್ಟಿದಳು. ಹೂಗಳನ್ನು ತುಟಿಯಲ್ಲೇ ಎಣಿಸಿದಳು.

"ನಾನೇ ಕಣೇ ಕತ್ತರಿಸಿದ್ದು" ಎಂದೆ. "ಮೂರನ್ನೂ ನಾನೇ. ಆ ಅಂಗಡಿಯವಳ ಹತ್ರ ನೀನು ಕತ್ತರಿಸಿದ್ದು ಅಂತ ಹೇಳಿದ್ದೂ ನಾನೇ. ಈಗ ಹೋಟೆಲಿಗೆ ಹೋಗಿ ಎಲ್ಲಾ ಹೇಳಿ ಬಂದೆ."

"ಅವರಿಗೆ ಮೊದಲು ಹೇಳಿದ್ರಾ?" ಎಂದಳು.

ನಾನು ಕುಂಡವನ್ನು ಮೆಟ್ಟಿಲ ಬದಿಗೆ ಇಳಿಸಿದೆ.

"ನನಗೆ ಗೊತ್ತಿತ್ತು ಅತ್ತಿಗೆ. ಆವತ್ತು ಎಲೆ ಎತ್ತಿ ನೋಡಿದಾಗಲೇ. ಅಷ್ಟು ನೇರವಾಗಿ ಕತ್ತರಿಸೋ ಕೈ ನಮ್ಮಲ್ಲಿ ಇನ್ಯಾರದಿದೆ?"

ನನಗೆ ಏನಾಯಿತೋ, ಅಲ್ಲಿಯೂ ನನ್ನ ಸಿಟ್ಟೇ ಮುಂದೆ ಬಂತು. "ಗೊತ್ತಿದ್ದೂ ನಾಲ್ಕು ತಿಂಗಳು ಸುಮ್ಮನಿದ್ಯಾ? ಕೇಳಬಾರದಿತ್ತಾ? ಬಯ್ಯಬಾರದಿತ್ತಾ? ನಿಮ್ಮಣ್ಣನ ಮುಂದೆ ನಿಲ್ಲಿಸಿ ನನ್ನ ಮಾನ ಕಳೀಬಾರದಿತ್ತಾ?"

ಅವಳು ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿದಳು. ಮಾತಾಡುವಾಗ ನನ್ನ ಕಡೆ ನೋಡಲಿಲ್ಲ.

"ಕೇಳಿದ್ರೆ ನೀವು ಇಲ್ಲ ಅಂತಿದ್ರಿ. ನೀವು ಇಲ್ಲ ಅಂದ್ಮೇಲೆ ನಾನು ಭಾನುವಾರ ನಿಮ್ಮನೆಗೆ ಹೇಗೆ ಬರ್ಲಿ ಅತ್ತಿಗೆ? ನನಗಿರೋದು ಅದೊಂದೇ ಮನೆ."

ಮೇಲಿನಿಂದ ಯಾರೋ ಇಳಿದು ಬಂದರು. ನಾವಿಬ್ಬರೂ ಗೋಡೆಗೆ ಸರಿದು ದಾರಿ ಬಿಟ್ಟೆವು. ಅವರ ಚಪ್ಪಲಿಯ ಗುರುತು ಒದ್ದೆ ಮೆಟ್ಟಿಲಿನ ಮೇಲೆ ಉಳಿಯಿತು. ಅವಳು ಅದನ್ನು ಮತ್ತೆ ಒರೆಸತೊಡಗಿದಳು.

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕೇಳಿದ್ದರೆ ನಾನು ಇಲ್ಲ ಅನ್ನುತ್ತಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡು, ಒಂದೂವರೆ ವರ್ಷ ನಿನ್ನ ಗಿಡ ಸಾಕಿದ್ದಕ್ಕೆ ಇದೇನಾ ನನಗೆ ಸಿಗೋ ಹೆಸರು ಎಂದು ಕೂಗಾಡಿ, ಇಲ್ಲ ಅನ್ನುತ್ತಿದ್ದೆ. ಅವಳ ಅಣ್ಣ ನನ್ನನ್ನೇ ನಂಬುತ್ತಿದ್ದರು.